ನಿಂತಾಗ ಕಾಣದ ಜಾಡ್ಯ

ರಾತ್ರಿಯೆಲ್ಲ ಜ್ವರದಿಂದ ನರಳಿದ ಮಗುವನ್ನು ಬೆಳಗ್ಗೆ ವೈದ್ಯರ ಬಳಿಗೆ ಕರೆದೊಯ್ದರೆ, ಅವರ ಮುಂದೆ ಕುಳಿತ ಕ್ಷಣದಲ್ಲಿ ಮೈ ತಣ್ಣಗಾಗಿ, ನಾಡಿ ಸರಿಯಾಗಿ, "ಏನೂ ಇಲ್ಲವಲ್ಲ!" ಎಂದು ಅವರು ಆಶ್ಚರ್ಯಪಡುವ ಪ್ರಸಂಗವನ್ನು ವಾಚಕರು ತಮ್ಮ ಮನೆಗಳಲ್ಲಿ ಕಂಡಿರಬಹುದು. ಯಂತ್ರಗಳಿಗೂ ಇಂತಹ ಜಾಡ್ಯಗಳುಂಟು. ಯಂತ್ರ ಓಡುತ್ತಿರುವಾಗ ಅವು ಇರುತ್ತವೆ. ನಿಲ್ಲಿಸಿ ಪರೀಕ್ಷಿಸಿದರೆ ಇರುವುದಿಲ್ಲ. ಅಂತಹ ಎರಡು ಜಾಡ್ಯಗಳನ್ನು ಮೂರೇ ದಿನಗಳ ಅವಧಿಯಲ್ಲಿ ನೋಡುವ ಅವಕಾಶ ಕಳೆದ ವರ್ಷ ನನಗೆ ಒದಗಿತು. ಎರಡರ ಹಿಂದೆಯೂ ಇದ್ದ ಭೌತವಿಜ್ಞಾನವು ನಮ್ಮ ಇಂಟರ್‌ಮೀಡಿಯೆಟ್ ತರಗತಿಯ ಪಾಠಗಳನ್ನು ಮೀರಿದ್ದಲ್ಲ. ಆದರೂ ಅದನ್ನು ಪಾಠ ಹೇಳುವ ನನಗೇ ಸಂಗತಿ ಹೊಳೆಯಲು ಸಾಕಷ್ಟು ಹೊತ್ತು ಹಿಡಿಯಿತು.

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ, ಶ್ರೀಪೆರುಂಬುದೂರಿನ ಸಮೀಪದಲ್ಲಿ, ಇರುಂಗಾಟ್ಟುಕೋಟ್ಟೈ ಎಂಬ ಊರಿದೆ. ಮೇಲುಕೋಟೆಯ ಪರಿಚಯವುಳ್ಳ ಕನ್ನಡಿಗರಿಗೆ ಶ್ರೀಪೆರುಂಬುದೂರು ರಾಮಾನುಜಾಚಾರ್ಯರ ಜನ್ಮಸ್ಥಳವೆಂದು ಗೊತ್ತು. ಮೋಟಾರು ಪಂದ್ಯದ ಹುಚ್ಚುಳ್ಳವರಿಗೆ ಆ ಪ್ರದೇಶ ಬೇರೆ ಕಾರಣಕ್ಕಾಗಿ ಗೊತ್ತು. ಅಲ್ಲಿ 1990ರಲ್ಲಿ ಆರಂಭವಾದ, ಸುಮಾರು 3.7 ಕಿಲೋಮೀಟರು ಸುತ್ತಳತೆಯ, ಹನ್ನೆರಡು ತಿರುವುಗಳುಳ್ಳ ಪಂದ್ಯದ ಹಾದಿಯಿದೆ. ಅದಕ್ಕೆ ಮುಂಚೆ ಚೆನ್ನೈಗೆ ಉತ್ತರದಲ್ಲಿರುವ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದಾರಿಯ ಮೇಲೆ, ಪಂದ್ಯಗಳು ನಡೆಯುತ್ತಿದ್ದುವು.

ನನ್ನ ಸಹಪಾಠಿಯೊಬ್ಬ ಐದು ದಿನ ಕಚೇರಿಯಲ್ಲಿ ದುಡಿದು ಆರನೆಯ ದಿನ ಪಂದ್ಯಕ್ಕೆ ಹೊರಡುವ ಹವ್ಯಾಸಿ. ಹಳೆಯದೊಂದು ಸಣ್ಣ ಕಾರನ್ನು ಕೊಂಡು, ಹಿಂದಿನ ಆಸನಗಳನ್ನು ಕಿತ್ತು, ಒಳಗೆ ಉಕ್ಕಿನ ಪಂಜರ ಕಟ್ಟಿಸಿ ಪಂದ್ಯಕ್ಕೆ ಸಿದ್ಧಪಡಿಸಿದ್ದಾನೆ. ಅವನ ಸಹಾಯಕ್ಕೆ ನಮ್ಮ ಬಡಾವಣೆಯ ಗ್ಯಾರೇಜಿನ ಮೇಸ್ತ್ರಿಗಳು, ಅರುವತ್ತು ದಾಟಿದವರು. ಮೂರನೆಯವನಾಗಿ ಗಡಿಯಾರ ಹಿಡಿಯಲು ನಾನು. ವೃತ್ತಿಪರ ತಂಡಗಳಲ್ಲಿ ಕಾರಿನ ಅಂಗಾಂಗಗಳಿಗೆಲ್ಲ ಮಾಪಕಗಳಿರುತ್ತವೆ. ಹವ್ಯಾಸಿಗೆ ಕಣ್ಣು, ಕಿವಿ, ಮೂಗು, ಅಂಗೈಗಳೇ ಮಾಪಕಗಳು. ನಾನು ಕಾಲೇಜಿನ ಪ್ರಯೋಗಶಾಲೆಯಿಂದ ಅತಿರಕ್ತ ಕಿರಣಗಳ ಉಷ್ಣಮಾಪಕವೊಂದನ್ನು ಎರವಲು ತಂದಿದ್ದೆ. ಅದರ ಕಥೆ ಮುಂದೆ ಬರುತ್ತದೆ.

ಶುಕ್ರವಾರದ ತೊಂದರೆಗಳನ್ನು ಹೆಚ್ಚು ಬೆಳೆಸಬೇಕಾದುದಿಲ್ಲ. ತಪಾಸಣೆಯ ಅಧಿಕಾರಿಗಳು ನಿಂತ ಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಪ್ಪಿಗೆಯ ಚೀಟಿ ಅಂಟಿಸಿದರು. ಅಭ್ಯಾಸದ ಮೂರನೆಯ ಸುತ್ತಿನಲ್ಲಿ ಸೈಲೆನ್ಸರಿನ ಕೊಂಡಿ ಮುರಿದು, ಕೊಳವೆ ನೆಲಕ್ಕೆ ಉಜ್ಜಿ ಕಿಡಿಗಳೆದ್ದುವು. ಎಲ್ಲರೂ ನೋಡಿದರು, ಎಲ್ಲರೂ ನಕ್ಕರು; ಮೇಸ್ತ್ರಿಗಳು ದಪ್ಪ ತಂತಿಯಿಂದ ಬಿಗಿದರು. ಮಧ್ಯಾಹ್ನ ಫ್ಯಾನ್ ಬೆಲ್ಟು ಹರಿಯಿತು. ಇಪ್ಪತ್ತು ನಿಮಿಷಗಳಲ್ಲಿ ಬೇರೊಂದನ್ನು ಹಾಕಿದ್ದಾಯಿತು. ಇವು ಕಣ್ಣಿಗೆ ಕಾಣುವ, ಆದ್ದರಿಂದಲೇ ನಿರಪಾಯವಾದ ತೊಂದರೆಗಳು.

ಶನಿವಾರ ಪಂದ್ಯದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವ ಓಟ. ಆರನೆಯ ಸುತ್ತಿನಲ್ಲಿ ನೇರ ಹಾದಿಯ ಕೊನೆಗೆ ಬಂದು ಮಿತ್ರನು ಬ್ರೇಕು ಒತ್ತಿದ. ಪಾದದ ಕೆಳಗೆ ಏನೂ ಇರಲಿಲ್ಲ! ಪೆಡಲು ಬೆಣ್ಣೆಯಲ್ಲಿ ಬೆರಳಿಳಿದಂತೆ ನೆಲಕ್ಕೆ ಹೋಯಿತು. ಎರಡು ಮೂರು ಸಲ ಬೇಗಬೇಗನೆ ತುಳಿದ ಮೇಲೆ ಸ್ವಲ್ಪ ಹಿಡಿತ ಬಂತು. ಅಷ್ಟರೊಳಗೆ ಕಾರು ತಿರುವನ್ನು ಬಿಟ್ಟು ಹೊರಗಿನ ಮಣ್ಣಿಗೆ ಹಾರಿ, ಧೂಳಿನ ಮೋಡದಲ್ಲಿ ಮುಚ್ಚಿಹೋಗಿ, ತಡೆಗೋಡೆಗೆ ಇನ್ನೂ ಹತ್ತು ಮಾರು ಇರುವಾಗ ನಿಂತಿತು. ದೂರದಿಂದ ನೋಡುತ್ತಿದ್ದ ನನ್ನ ಕೈಯಲ್ಲಿ ಗಡಿಯಾರ ಓಡುತ್ತಲೇ ಇತ್ತು, ನಿಲ್ಲಿಸಲು ಮರೆತಿದ್ದೆ.

ಕಾರನ್ನು ಎಳೆತಂದು ಪರೀಕ್ಷಿಸಿದೆವು. ಕೊಳವೆ ಎಲ್ಲಿಯೂ ಒಡೆದಿರಲಿಲ್ಲ. ಒಂದು ತೊಟ್ಟೂ ಸೋರಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಮಿತ್ರನು ಪೆಡಲನ್ನು ಒತ್ತಿದರೆ ಅದು ಕಲ್ಲಿನಂತೆ ಗಟ್ಟಿ! "ಸರಿಹೋಯಿತು ನೋಡು. ಪೆಡಲಿನ ಮೇಲೆ ಕಾಲು ಸರಿಯಾಗಿ ಬಿದ್ದಿರಲಿಲ್ಲವೋ ಏನೋ. ನಾಳೆ ಓಡಿಸಬಹುದು," ಎಂದ. ತಾನಾಗಿ ಬಂದ ದೋಷ ತಾನಾಗಿ ಹೋಯಿತೆಂಬ ಸಮಾಧಾನ ಅವನಿಗೆ. ನಿಜವಾಗಿ ಅಪಾಯವಿದ್ದುದು ಆ ಸಮಾಧಾನದಲ್ಲಿ.

ಮೇಸ್ತ್ರಿಗಳು ಮಾತನಾಡದೆ ನನ್ನ ಉಷ್ಣಮಾಪಕದತ್ತ ನೋಡಿದರು. ಕಾರು ಬಂದೊಡನೆ ನಾನು ಮುಂದಿನ ಚಕ್ರದ ಬ್ರೇಕಿನ ಡಿಸ್ಕಿಗೆ ಗುರಿ ಹಿಡಿದಿದ್ದೆ. ಅದು 150 ಡಿಗ್ರಿ ಸೆಂಟಿಗ್ರೇಡ್ ತೋರಿಸಿತ್ತು. ಅದೇ ಹೊತ್ತಿನಲ್ಲಿ ಮೇಸ್ತ್ರಿಗಳು ಬೆರಳುಗಳನ್ನು ನೀರಿನಲ್ಲದ್ದಿ ಡಿಸ್ಕಿನ ಮೇಲೆ ನಾಲ್ಕು ಹನಿ ಚಿಮುಕಿಸಿದ್ದರು. ಹನಿಗಳು ಅಂಟದೆ, ಮುತ್ತಿನಂತೆ ದುಂಡಾಗಿ ಜಾರಿ ಕೆಳಗುರುಳಿದ್ದುವು. "ಹೆಂಚು ಚೆನ್ನಾಗಿ ಕಾದಿದೆ ಸಾರ್," ಎಂದು ಅವರು ಹೇಳಿದ್ದನ್ನು ನಾನು ತಮಾಷೆಯೆಂದು ಬಿಟ್ಟಿದ್ದೆ. ದೋಸೆಯ ಹೆಂಚಿನ ಮೇಲೆ ನೀರು ಚಿಮುಕಿಸುವುದನ್ನು ನೋಡದವರು ನಮ್ಮಲ್ಲಿಲ್ಲ. ಹೆಂಚು ಅರೆಬರೆ ಕಾದಿದ್ದರೆ ನೀರು ಹರಡಿಕೊಂಡು ಚುರ್ರೆಂದು ಆರುತ್ತದೆ. ಸುಮಾರು 200 ಡಿಗ್ರಿಯನ್ನು ಮೀರಿ ಕಾದಿದ್ದರೆ ಹನಿಯ ಅಡಿಯಲ್ಲಿ ಆವಿಯ ತೆಳು ಹಾಸಿಗೆಯುಂಟಾಗಿ, ಹನಿ ಅದರ ಮೇಲೆ ತೇಲಿ ಕುಣಿಯುತ್ತದೆ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯನು 1756ರಲ್ಲಿ ಇದನ್ನು ವಿವರಿಸಿದನು. ಹಾಗಾದರೆ 150 ಡಿಗ್ರಿ ತೋರಿಸಿದ ಮಾಪಕ ಸುಳ್ಳು ಹೇಳುತ್ತಿತ್ತು! ಕಾರಣ ಸರಳ. ಆ ಉಪಕರಣವು ವಸ್ತು ಹೊರಸೂಸುವ ಕಿರಣಗಳನ್ನು ಅಳೆದು ಉಷ್ಣತೆಯನ್ನು ಲೆಕ್ಕ ಹಾಕುತ್ತದೆ. ವಸ್ತು ಹೆಚ್ಚು ಕಡಿಮೆ ಕಪ್ಪು ಮೈಯಂತೆ ಕಿರಣ ಸೂಸುತ್ತದೆಂಬುದು ಅದರ ನಂಬಿಕೆ. ಆದರೆ ಪ್ಯಾಡುಗಳು ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯಿಸಿದ ಲೋಹ ಅದರ ಮೂರರಲ್ಲೊಂದು ಪಾಲನ್ನೂ ಸರಿಯಾಗಿ ಸೂಸುವುದಿಲ್ಲ. ವರ್ಷವರ್ಷವೂ ಇದನ್ನು ಹಲಗೆಯ ಮೇಲೆ ಬರೆಯುವವನು ನಾನು.

ಡಿಸ್ಕು ಎಷ್ಟು ಕಾದಿರಬಹುದು? ಲೆಕ್ಕ ಹಾಕೋಣ. ಚಾಲಕನೂ ಸೇರಿ ಕಾರಿನ ದ್ರವ್ಯರಾಶಿ 800 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ನೇರ ಹಾದಿಯ ಕೊನೆಯಲ್ಲಿ ಅದರ ವೇಗ ಗಂಟೆಗೆ 144 ಕಿಲೋಮೀಟರು, ಎಂದರೆ ಸೆಕೆಂಡಿಗೆ 40 ಮೀಟರು. ತಿರುವಿಗಾಗಿ ವೇಗವನ್ನು ಅರ್ಧಕ್ಕೆ ಇಳಿಸಬೇಕು. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ: 6,40,000 ಜೌಲುಗಳಿಂದ 1,60,000ಕ್ಕೆ. ಉಳಿದ 4,80,000 ಜೌಲುಗಳು ಬ್ರೇಕಿನಲ್ಲಿ ಶಾಖವಾಗಬೇಕು. ಒಂದೂವರೆ ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖವದು. ಮನೆಯ ಒಲೆ ಅದನ್ನು ಕೆಲವು ನಿಮಿಷಗಳಲ್ಲಿ ಕೊಡುತ್ತದೆ. ಬ್ರೇಕಿಗೆ ಇರುವ ಕಾಲ ಎರಡೂವರೆ ಸೆಕೆಂಡು. ಎಂದರೆ ಆ ಹೊತ್ತಿನಲ್ಲಿ ಬ್ರೇಕುಗಳು ಸರಾಸರಿ 192 ಕಿಲೋವ್ಯಾಟ್, ಸುಮಾರು 250 ಅಶ್ವಸಾಮರ್ಥ್ಯದಷ್ಟು ಕೆಲಸ ಮಾಡುತ್ತವೆ. ಕಾರಿನ ಎಂಜಿನ್ನಿನ ಸಾಮರ್ಥ್ಯ ನೂರು ಕುದುರೆಗಳಷ್ಟೂ ಇಲ್ಲ! ಓಡಿಸುವ ಯಂತ್ರಕ್ಕಿಂತ ನಿಲ್ಲಿಸುವ ಯಂತ್ರ ಬಲಶಾಲಿಯಾಗಿರಬೇಕೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬಾಗುವುದರಿಂದ ಈ ಶಾಖದ ಮುಕ್ಕಾಲು ಪಾಲು ಮುಂದಿನ ಎರಡು ಚಕ್ರಗಳ ಪಾಲಾಗುತ್ತದೆ. ಒಂದೊಂದು ಡಿಸ್ಕಿಗೆ 1,80,000 ಜೌಲು. ನಾಲ್ಕು ಕಿಲೋಗ್ರಾಂ ತೂಕದ ಎರಕದ ಕಬ್ಬಿಣದ ಡಿಸ್ಕು ಇದರಿಂದ ಒಂದೇ ಸಲಕ್ಕೆ ನೂರು ಡಿಗ್ರಿಯಷ್ಟು ಮೇಲೇರುತ್ತದೆ. ಪೇಟೆಯ ರಸ್ತೆಯಲ್ಲಾದರೆ ಮತ್ತೊಮ್ಮೆ ಹೀಗೆ ಬ್ರೇಕು ಹಾಕುವ ಪ್ರಸಂಗ ಬರುವ ವೇಳೆಗೆ ಅದು ತಣ್ಣಗಾಗಿರುತ್ತದೆ. ಪಂದ್ಯದ ಹಾದಿಯಲ್ಲಿ ಅರ್ಧ ನಿಮಿಷ ಕಳೆಯುವುದರೊಳಗೆ ಇನ್ನೊಂದು ತಿರುವು. ಆರಲು ಬಿಡುವಿಲ್ಲದ ಶಾಖ ಒಂದರ ಮೇಲೊಂದು ಪೇರುತ್ತದೆ.

ಇಲ್ಲಿ ಎರಡು ಬಗೆಯ ಕೇಡುಗಳುಂಟು. ಅವುಗಳನ್ನು ಬೇರ್ಪಡಿಸಿ ತಿಳಿಯಬೇಕು. ಪ್ಯಾಡುಗಳೇ ಅತಿಯಾಗಿ ಕಾದು ಘರ್ಷಣೆ ಕಡಮೆಯಾದರೆ, ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ಪೆಡಲೇ ನೆಲಕ್ಕಿಳಿದರೆ ರೋಗ ಬೇರೆ. ಪಾದದ ಒತ್ತಡವನ್ನು ಚಕ್ರಕ್ಕೆ ಒಯ್ಯುವುದು ಕೊಳವೆಯಲ್ಲಿರುವ ದ್ರವ. ಪ್ಯಾಸ್ಕಲನ ನಿಯಮದಂತೆ, ಒಂದೆಡೆ ಹಾಕಿದ ಒತ್ತಡ ದ್ರವದ ಎಲ್ಲೆಡೆಗೂ ಸಮನಾಗಿ ಹರಡುತ್ತದೆ. ದ್ರವ ಕುಗ್ಗುವುದಿಲ್ಲವಾದ್ದರಿಂದ ಮಾತ್ರ ಈ ಏರ್ಪಾಡು ನಡೆಯುತ್ತದೆ. ಕೊಳವೆಯಲ್ಲಿ ಆವಿಯ ಗುಳ್ಳೆಯೊಂದು ಸೇರಿಕೊಂಡರೆ, ಪಾದ ಮೊದಲು ಗುಳ್ಳೆಯನ್ನು ಹಿಸುಕಬೇಕು. ಚಕ್ರಕ್ಕೆ ಏನೂ ತಲಪುವುದಿಲ್ಲ.

ಈ ದ್ರವವನ್ನು ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎನ್ನುತ್ತಾರೆ. ವಾಸ್ತವವಾಗಿ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ಸಂಯುಕ್ತ. ನೀರನ್ನು ಹೀರಿಕೊಳ್ಳುವುದು ಅದರ ಸ್ವಭಾವ. ಡಬ್ಬಿಯ ಮುಚ್ಚಳದ ಸಣ್ಣ ರಂಧ್ರದಿಂದ, ರಬ್ಬರಿನ ಕೊಳವೆಗಳ ಗೋಡೆಯ ಮೂಲಕ ಕೂಡ, ಗಾಳಿಯ ತೇವ ಅದರೊಳಗೆ ಸೇರುತ್ತಲೇ ಇರುತ್ತದೆ. ಇದು ದುರ್ಗುಣವೆಂದು ತೋರಬಹುದು. ಹಾಗಲ್ಲ: ಹೀರಿಕೊಳ್ಳದಿದ್ದರೆ ಆ ನೀರು ತಗ್ಗಿನಲ್ಲಿರುವ ಚಕ್ರದ ಬಳಿ ಪ್ರತ್ಯೇಕವಾಗಿ ನಿಂತು, ತುಕ್ಕು ಹಿಡಿಸಿ, ನೂರು ಡಿಗ್ರಿಗೇ ಕುದಿಯುತ್ತಿತ್ತು. ಆದರೆ ನೀರು ಬೆರೆತಷ್ಟೂ ದ್ರವದ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ಎಂಬ ವರ್ಗದ ದ್ರವವು ಹೊಸದಾಗಿದ್ದಾಗ ಕನಿಷ್ಠಪಕ್ಷ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ, ನೂರಕ್ಕೆ 3.7 ಪಾಲು ನೀರು ಸೇರಿದ ಮೇಲೆ ಅದೇ ದ್ರವಕ್ಕೆ ನಿಯಮ ವಿಧಿಸುವುದು 155 ಡಿಗ್ರಿ ಮಾತ್ರ. ನಮ್ಮ ಕಾರಿನ ದ್ರವ ಎರಡು ಮಳೆಗಾಲಗಳನ್ನು ಕಂಡಿತ್ತು. ಮೇಸ್ತ್ರಿಗಳು ಸ್ವಲ್ಪ ಹೊರತೆಗೆದು ತೋರಿಸಿದರು: ಹೊನ್ನಿನ ಬಣ್ಣವಿರಬೇಕಾದದ್ದು ಹೋಟೆಲಿನ ಚಹದಂತಿತ್ತು.

ಇನ್ನೊಂದು ಸೂಕ್ಷ್ಮವಿದೆ. ಬ್ರೇಕನ್ನು ಒತ್ತಿ ಹಿಡಿದಿರುವಾಗ ದ್ರವ ಕುದಿಯುವುದಿಲ್ಲ. ಏಕೆಂದರೆ ಆಗ ಕೊಳವೆಯೊಳಗೆ ವಾಯುಮಂಡಲದ ಒತ್ತಡದ ಐವತ್ತು ಪಟ್ಟಿನಷ್ಟು ಒತ್ತಡವಿರುತ್ತದೆ, ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಏರುತ್ತದೆ. ಚಾಲಕನು ಕಾಲು ತೆಗೆದಾಗ, ಒಲೆಯ ಮೇಲಿನ ಪ್ರೆಷರ್ ಕುಕ್ಕರಿನ ತೂಕವನ್ನು ತಟ್ಟನೆ ಎತ್ತಿದಂತೆ, ಒತ್ತಡ ಇಳಿದು ದ್ರವ ಕುದಿಯುತ್ತದೆ. ಕಾರು ನೇರ ಹಾದಿಯಲ್ಲಿ ಹಾಯಾಗಿ ಓಡುತ್ತಿರುವಾಗ, ಡಿಸ್ಕಿನ ಶಾಖ ಪ್ಯಾಡನ್ನು ದಾಟಿ ಒಳಕ್ಕೆ ಇಂಗುತ್ತಿರುವಾಗ, ಗುಳ್ಳೆ ಮೌನವಾಗಿ ಹುಟ್ಟುತ್ತದೆ. ಅದರ ಸುದ್ದಿ ಚಾಲಕನಿಗೆ ತಲಪುವುದು ಮುಂದಿನ ತಿರುವಿನಲ್ಲಿ. ಎಷ್ಟು ಆವಿ ಬೇಕು? ಪೆಡಲನ್ನು ಪೂರ್ತಿ ಒತ್ತಿದರೆ ಮುಂದೂಡಲ್ಪಡುವ ದ್ರವ ಸುಮಾರು 9 ಘನ ಸೆಂಟಿಮೀಟರು. ಅಷ್ಟು ಗಾತ್ರದ ಆವಿಯನ್ನುಂಟುಮಾಡಲು ಒಂದು ಹನಿಯ ಹತ್ತರಲ್ಲಿ ಒಂದು ಪಾಲು ನೀರು ಸಾಕು! ತಣ್ಣಗಾದೊಡನೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ, ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ.

ಇದನ್ನು ಮಿತ್ರನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾಳೆ ಬೆಳಗ್ಗೆ ಗಟ್ಟಿಯಾಗಿರುವ ಪೆಡಲನ್ನು ನಂಬಿ ಹೊರಡುತ್ತಿದ್ದೆ," ಎಂದ.

ದ್ರವವನ್ನು ಪೂರ್ತಿ ಬದಲಾಯಿಸಬೇಕಾಯಿತು. ನಮ್ಮಲ್ಲಿದ್ದುದು ಮುಚ್ಚಳ ತೆರೆದು ತಿಂಗಳುಗಳಾಗಿದ್ದ ಅರ್ಧ ಡಬ್ಬಿ. ಅದನ್ನು ಮೇಸ್ತ್ರಿಗಳು ಮುಟ್ಟಲೊಪ್ಪಲಿಲ್ಲ. ಪಕ್ಕದ ಬಿಡಾರದ ಚಾಲಕನೊಬ್ಬನು, ಮರುದಿನದ ಪಂದ್ಯದಲ್ಲಿ ನಮ್ಮವನ ಎದುರಾಳಿ, ಮೊಹರು ಒಡೆಯದ ಎರಡು ಡಬ್ಬಿಗಳನ್ನು ಕೇಳದೆಯೇ ತಂದುಕೊಟ್ಟ. ಹವ್ಯಾಸಿಗಳಲ್ಲಿ ಈ ಪದ್ಧತಿ ಸರ್ವೇಸಾಮಾನ್ಯವೆಂದು ಆಮೇಲೆ ತಿಳಿಯಿತು. ರಾತ್ರಿ ಹತ್ತರವರೆಗೂ ನಾನು ಪೆಡಲಿನ ಮೇಲೆ, ಮೇಸ್ತ್ರಿಗಳು ಚಕ್ರದ ಬಳಿ. "ಒತ್ತಿ ಸಾರ್... ಹಿಡಿದಿರಿ... ಬಿಡಿ." ಒಂದೊಂದು ಚಕ್ರದಲ್ಲೂ ಚಹದ ಬಣ್ಣ ಹೋಗಿ ಹೊನ್ನಿನ ಬಣ್ಣ ಬರುವವರೆಗೆ ಏರ್ ತೆಗೆದೆವು.

ಭಾನುವಾರದ ಪಂದ್ಯ ಎಂಟು ಸುತ್ತುಗಳದು. ಬ್ರೇಕು ಕೊನೆಯವರೆಗೂ ಚೆನ್ನಾಗಿತ್ತು. ಐದನೆಯ ಸುತ್ತಿನಲ್ಲಿ ನಾಲ್ಕನೆಯವನಾಗಿದ್ದ ಮಿತ್ರನು ಆರನೆಯದರಲ್ಲಿ ಏಳನೆಯವನಾದ. ಏಳನೆಯ ಸುತ್ತಿನಲ್ಲಿ ಎಂಜಿನ್ನು ನಿಲ್ಲಿಸಿ, ಹಾದಿಯ ಬದಿಗೆ ಉರುಳಿಕೊಂಡು ಬಂದು ನಿಂತ. ನಾವು ಓಡಿಹೋಗಿ ಕೇಳಿದರೆ, "ಕೆಂಪು ದೀಪ," ಎಂದ. ಬಲಕ್ಕೆ ತಿರುಗುವ ಉದ್ದನೆಯ ತಿರುವಿನಲ್ಲಿ ಎಣ್ಣೆಯ ಒತ್ತಡದ ದೀಪ ಹೊತ್ತಿಕೊಳ್ಳುತ್ತಿತ್ತು. ಕಾರು ನೇರವಾದೊಡನೆ ಆರುತ್ತಿತ್ತು. ಶನಿವಾರವೂ ಒಮ್ಮೆ ಮಿನುಗಿದ್ದನ್ನು ಅವನು ನೋಡಿದ್ದನಂತೆ. ತಂತಿ ಸಡಿಲವಾಗಿರಬೇಕೆಂದು ಭಾವಿಸಿ ಹೇಳಿರಲಿಲ್ಲ. ಭಾನುವಾರ ಮೊದಲನೆಯ ಸಲ ಹಾಗೆಯೇ ಅಂದುಕೊಂಡ, ಎರಡನೆಯ ಸಲ ವೇಗ ಇಳಿಸಿದ, ಮೂರನೆಯ ಸಲ ಬ್ರೇಕಿನ ಗುಳ್ಳೆ ನೆನಪಾಯಿತಂತೆ. ಮೇಸ್ತ್ರಿಗಳು ಕಡ್ಡಿ ಎಳೆದು ನೋಡಿದರು. ಎಣ್ಣೆಯ ಮಟ್ಟ ಗೆರೆಗೆ ಸರಿಯಾಗಿತ್ತು.

ಮತ್ತೆ ಅದೇ ಸಮಸ್ಯೆ: ನಿಂತರೆ ರೋಗವಿಲ್ಲ. ಎಂಜಿನ್ನಿನ ಅಡಿಯಲ್ಲಿ, ಗ್ಯಾರೇಜಿನವರು ಚೇಂಬರು ಎನ್ನುವ ತಗಡಿನ ತೊಟ್ಟಿಯಲ್ಲಿ, ನಾಲ್ಕು ಲೀಟರಿನಷ್ಟು ಎಣ್ಣೆ ನಿಂತಿರುತ್ತದೆ. ಅದರಲ್ಲಿ ಮುಳುಗಿರುವ ಕೊಳವೆಯಿಂದ ಪಂಪು ಎಣ್ಣೆಯನ್ನೆಳೆದು ಬೇರಿಂಗುಗಳಿಗೆ ಕಳಿಸುತ್ತದೆ. ಬಸ್ಸು ತಿರುಗುವಾಗ ನಾವು ಹೊರಮಗ್ಗುಲಿಗೆ ವಾಲುವಂತೆ ಎಣ್ಣೆಯೂ ವಾಲುತ್ತದೆ. ಎಷ್ಟು? ತಿರುವಿನ ತ್ರಿಜ್ಯ 60 ಮೀಟರು, ವೇಗ ಗಂಟೆಗೆ 80 ಕಿಲೋಮೀಟರು ಎನ್ನೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 8.2 ಮೀಟರು, ಗುರುತ್ವದ 0.84 ಪಾಲು. ದ್ರವದ ಮೇಲ್ಮೈ ಓರೆಯಾಗುವ ಕೋನದ ಟ್ಯಾಂಜೆಂಟು ಈ ಸಂಖ್ಯೆಯೇ. ಕೋನ 40 ಡಿಗ್ರಿ. ನಲವತ್ತು ಸೆಂಟಿಮೀಟರು ಅಗಲದ, ಏಳೆಂಟು ಸೆಂಟಿಮೀಟರು ಮಾತ್ರ ಎಣ್ಣೆಯಿರುವ ತೊಟ್ಟಿಯನ್ನು ಇಷ್ಟು ಓರೆ ಮಾಡಿದರೆ ಎಣ್ಣೆಯೆಲ್ಲ ಎಡಮೂಲೆಗೆ ಸೇರುತ್ತದೆ. ಕೊಳವೆಯ ಬಾಯಿ ಇರುವುದು ಬಲತುದಿಯ ಹತ್ತಿರ. ತಿರುವು ಮುಗಿಯುವವರೆಗೆ ಪಂಪು ಕುಡಿಯುವುದು ಗಾಳಿ. ಕಾರನ್ನು ತಯಾರಿಸಿದವರನ್ನು ದೂರುವಂತಿಲ್ಲ. ರಸ್ತೆಯಲ್ಲಿ ಯಾರೂ ಇಷ್ಟು ರಭಸದಿಂದ ಇಷ್ಟು ಹೊತ್ತು ತಿರುಗಿಸುವುದಿಲ್ಲ.

ಬೇರಿಂಗಿಗೆ ಎಣ್ಣೆ ಏತಕ್ಕೆ ಬೇಕೆಂಬುದೂ ಸ್ವಾರಸ್ಯವಾದ ವಿಷಯ. ಜಾರಲು ಸಹಾಯವಾಗಲಿ ಎಂದಷ್ಟೇ ಹಿಂದಿನವರು ತಿಳಿದಿದ್ದರು. 1883ರ ಸುಮಾರಿನಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ರಂಧ್ರ ಕೊರೆದರೆ, ಎಣ್ಣೆ ಒಳಗಿಳಿಯುವ ಬದಲು ಹೊರಗುಕ್ಕಿತು. ರಂಧ್ರಕ್ಕೆ ಮರದ ಬೆಣೆ ಬಡಿದರೆ ಬೆಣೆಯನ್ನೇ ಎಣ್ಣೆ ಹೊರದೂಡಿತು! ಒತ್ತಡಮಾಪಕವನ್ನು ಜೋಡಿಸಿದಾಗ ಅದು ಚದರ ಅಂಗುಲಕ್ಕೆ 200 ಪೌಂಡನ್ನು ದಾಟಿತು. ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನು ಇಕ್ಕಟ್ಟಾದ ಸಂದಿಗೆ ಎಳೆದೊಯ್ಯುತ್ತದೆ, ಅಲ್ಲಿ ಹುಟ್ಟುವ ಒತ್ತಡವೇ ಅಚ್ಚನ್ನು ಮೇಲೆತ್ತಿ ಹಿಡಿಯುತ್ತದೆ ಎಂಬುದನ್ನು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದಿಂದ ತೋರಿಸಿದನು. ಪಂಪಿನ ಕೆಲಸ ಎಣ್ಣೆ ಒದಗಿಸುವುದು ಮಾತ್ರ. ಭಾರ ಹೊರುವುದು ಅಚ್ಚು ತಾನೇ ನಿರ್ಮಿಸಿಕೊಂಡ, ಕೂದಲೆಳೆಗಿಂತ ಎಷ್ಟೋ ತೆಳುವಾದ ಎಣ್ಣೆಯ ಪೊರೆ. ಆರು ಸಾವಿರ ಸುತ್ತುಗಳ ವೇಗದಲ್ಲಿ ಎಂಜಿನ್ನಿನ ಅಚ್ಚು ಸೆಕೆಂಡಿಗೆ ನೂರು ಸಲ ತಿರುಗುತ್ತದೆ. ಹೊಸ ಎಣ್ಣೆ ಬರದಿದ್ದರೆ ಪೊರೆ ಬದಿಗಳಿಂದ ಸೋರಿಹೋಗಿ, ಲೋಹಕ್ಕೆ ಲೋಹ ತಾಗುತ್ತದೆ.

ಸೋಮವಾರ ಬೆಂಗಳೂರಿಗೆ ಬಂದು ಚೇಂಬರನ್ನು ಬಿಚ್ಚಿದೆವು. ಅಡಿಯಲ್ಲಿ ಬೆಳ್ಳಿಯ ಪುಡಿಯಂತೆ ಏನೋ ಹೊಳೆಯುತ್ತಿತ್ತು. ಮೇಸ್ತ್ರಿಗಳು ಮೊದಲನೆಯ ಬೇರಿಂಗಿನ ಚಿಪ್ಪನ್ನು ತೆಗೆದು ಬಟ್ಟೆಯಿಂದ ಒರಸಿ ನನ್ನ ಅಂಗೈಯಲ್ಲಿಟ್ಟರು. ಈ ಚಿಪ್ಪುಗಳಿಗೆ ಉಕ್ಕಿನ ಬೆನ್ನು, ಅದರ ಮೇಲೆ ತಾಮ್ರಮಿಶ್ರಿತ ಲೋಹ, ಎಲ್ಲಕ್ಕೂ ಮೇಲೆ ಬೂದು ಬಣ್ಣದ ಮೃದುವಾದ ಲೇಪ. ಆದ್ದರಿಂದ ಸವೆತವನ್ನು ಬಣ್ಣದಿಂದಲೇ ಓದಬಹುದು. ಮಧ್ಯದಲ್ಲಿ ಹೆಬ್ಬೆರಳಗಲ ಬೂದು ಹೋಗಿ ತಾಮ್ರದ ಕೆಂಪು ಕಂಡಿತ್ತು. ಉಕ್ಕು ಇನ್ನೂ ಕಂಡಿರಲಿಲ್ಲ. ಮೇಸ್ತ್ರಿಗಳು ಅಚ್ಚಿನ ಮೈಮೇಲೆ ಉಗುರೆಳೆದು ನೋಡಿದರು, ಎಲ್ಲಿಯೂ ತಡೆಯಲಿಲ್ಲ. "ಇನ್ನೊಂದು ಸುತ್ತು ಹೊಡೆದಿದ್ದರೆ ಅಚ್ಚು ಹೋಗುತ್ತಿತ್ತು ಸಾರ್," ಎಂದರು. ಮಿತ್ರನು ಆ ಚಿಪ್ಪನ್ನು ಕೇಳಿ ಪಡೆದು ಜೇಬಿಗಿಟ್ಟುಕೊಂಡ.

ಬ್ರೇಕಿನ ರೋಗವನ್ನು ನಿಂತಲ್ಲಿ ತೋರಿಸಲು ನಮ್ಮಿಂದಾಗಿರಲಿಲ್ಲ. ಎಣ್ಣೆಯದನ್ನು ತೋರಿಸಬಹುದಿತ್ತು. ತಿರುವಿನಲ್ಲಿ ಓಡುವ ಮಟ್ಟವಾದ ತೊಟ್ಟಿಯಲ್ಲಿ ಎಣ್ಣೆ ಹೇಗೆ ನಿಲ್ಲುತ್ತದೆಯೋ, ಓರೆ ಮಾಡಿಟ್ಟ ತೊಟ್ಟಿಯಲ್ಲಿಯೂ ಹಾಗೆಯೇ ನಿಲ್ಲಬೇಕಷ್ಟೆ. ಬಿಚ್ಚಿದ ಚೇಂಬರಿಗೆ ಎಣ್ಣೆ ಹೊಯ್ದು, ಕೋನಮಾಪಕ ಹಿಡಿದು, 40 ಡಿಗ್ರಿಗೆ ಓರೆ ಮಾಡಿದೆವು. ಒಂದು ಸೆಕೆಂಡಿನೊಳಗೆ ಕೊಳವೆಯ ಬಾಯಿ ಬರಿದಾಯಿತು. ಮಿತ್ರನು ಅದನ್ನೇ ನಾಲ್ಕು ಸಲ ಮಾಡಿಸಿ ನೋಡಿದ. ಮೇಸ್ತ್ರಿಗಳು ಗದ್ದೆಯ ನೀರಿಗೆ ಬದು ಹಾಕುವಂತೆ ಕೊಳವೆಯ ಸುತ್ತ ತಗಡಿನ ಗೋಡೆಗಳನ್ನು ಬೆಸೆದು, ಒಳಕ್ಕೆ ಮಾತ್ರ ತೆರೆಯುವ ಸಣ್ಣ ಬಾಗಿಲುಗಳನ್ನಿಟ್ಟರು. ಆಮೇಲೆ ಓರೆ ಮಾಡಿದರೆ ಎಣ್ಣೆ ಸೋರಿಹೋಗಲು ಐದು ಸೆಕೆಂಡು ಹಿಡಿಯಿತು. ಆ ತಿರುವನ್ನು ದಾಟಲು ಕಾರಿಗೆ ಬೇಕಾದದ್ದು ನಾಲ್ಕು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಸಾಕೆಂದು ನಾನೆಂದೆ. ಮೇಸ್ತ್ರಿಗಳು ತಲೆಯಾಡಿಸಿ, ಬಿಸಿಯೆಣ್ಣೆ ತಣ್ಣನೆಯದಕ್ಕಿಂತ ಬಹಳ ತೆಳುವೆಂಬುದನ್ನು ನನಗೆ ನೆನಪು ಮಾಡಿಕೊಟ್ಟು, ತಗಡು ಕತ್ತರಿಸಲು ಮತ್ತೆ ಕುಳಿತರು.